ಹಳೇ ಮೆಕ್ಯಾನೋ ವಿಮಾನದ ಸೆಟ್ ಕೊಳ್ಳೋ ಮುಂಚೆ ಒಂದು ಬೋಲ್ಟ್ ಬಿಚ್ಚಿ ನೋಡಿ

ಕಳೆದ ವರ್ಷ ಆರಿದ್ರಾ ಮಳೆ ಹಿಡಿದಿದ್ದ ದಿನ ಹಾಸನದಿಂದ ಚಿಕ್ಕಮಗಳೂರಿಗೆ ಹೋಗಿ, 34,000 ರೂಪಾಯಿ ಕೊಟ್ಟು ಒಂದು ಡಬ್ಬಿ ತಂದೆ. 1931ರ ಮೆಕ್ಯಾನೋ (ತೂತಿರುವ ತಗಡಿನ ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸುವ ಇಂಗ್ಲಿಷ್ ಆಟಿಕೆ) ವಿಮಾನದ ಸೆಟ್, ಪೂರ್ತಿ ಒರಿಜಿನಲ್, ಎಸ್ಟೇಟ್ ಬಂಗಲೆಯ ಅಟ್ಟದಲ್ಲಿ ಸಿಕ್ಕಿದ್ದು ಅಂತ ಹೇಳಿ ಮಾರಿದರು. ಅದರಲ್ಲಿ ನಿಜವಾಗಿ ಹಳೆಯದು ಅಂತ ಈಗ ಖಾತ್ರಿಯಾಗಿರೋದು 11 ಬಿಡಿಭಾಗ ಮತ್ತು ಡಬ್ಬಿಯ ಮುಚ್ಚಳ, ಅಷ್ಟೇ. ದುಡ್ಡು ವಾಪಸ್ ಬಂದಿಲ್ಲ. ಬರುತ್ತೆ ಅನ್ನೋ ಆಸೆಯೂ ಈಗ ಇಲ್ಲ. ನಮ್ಮ ಕಡೆ ಈ ಹಳೇ ಸೆಟ್‌ಗಳನ್ನು ಹುಡುಕುವ ಬೇರೆಯವರಿಗೆ ಹೀಗಾಗಬಾರದು ಅಂತ ನಡೆದಿದ್ದನ್ನೆಲ್ಲ ಬರೆಯುತ್ತಿದ್ದೇನೆ.

ನಾನು ಯಾಕೆ ಅಷ್ಟು ಸುಲಭವಾಗಿ ನಂಬಿದೆ ಅಂತ ಹೇಳದಿದ್ದರೆ ಈ ಕಥೆ ಅರ್ಥ ಆಗಲ್ಲ. ನಮ್ಮಜ್ಜ ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ಆಗಿನ್ನೂ ಕೆಲವು ಎಸ್ಟೇಟುಗಳಲ್ಲಿ ಇಂಗ್ಲಿಷ್ ದೊರೆಗಳೇ ಇದ್ದರು. ಅಪ್ಪನಿಗೆ ಏಳು ವರ್ಷ ಇದ್ದಾಗ ಚೆಕ್‌ರೋಲ್ (ಆಳುಗಳ ಹಾಜರಿ) ಪುಸ್ತಕ ಕೊಡೋಕೆ ಅಜ್ಜನ ಜೊತೆ ಬಂಗಲೆಗೆ ಹೋಗಿದ್ದರಂತೆ. ಜಗಲಿಯ ಮೇಲೆ ಬೆಳ್ಳಿ ಬಣ್ಣದ ಒಂದು ವಿಮಾನ ಇತ್ತು. ರೆಕ್ಕೆ ತುಂಬ ಸಾಲು ಸಾಲು ತೂತು. ದೊರೆಯ ಮಗ ಒಂದೊಂದೇ ಬೋಲ್ಟ್ ಬಿಚ್ಚಿ, ಅದೇ ತಗಡುಗಳಿಂದ ಇನ್ನೊಂದು ವಿಮಾನ ಮಾಡಿ ತೋರಿಸಿದನಂತೆ. ಈ ಮಾತನ್ನು ಅಪ್ಪ ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ. ನನಗೆ ಚಿಕ್ಕವನಿದ್ದಾಗ ಮೆಕ್ಯಾನಿಕ್ಸ್ (ನಮ್ಮಲ್ಲಿ ಸಿಗುತ್ತಿದ್ದ ಅದೇ ಥರದ ಆಟಿಕೆ) ಡಬ್ಬಿ ತಂದುಕೊಟ್ಟಿದ್ದೂ ಅದೇ ನೆನಪಿಗೆ. ಅವರಿಗೆ ಆ ವಿಮಾನ ತಂದುಕೊಡಬೇಕು ಅಂತ ನಾನು ನಾಲ್ಕು ವರ್ಷದಿಂದ ಹುಡುಕುತ್ತಿದ್ದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಈ ಆಟಿಕೆಗೆ ಪೇಟೆಂಟ್ ಪಡೆದರು. ಮೆಕ್ಯಾನೋ ಅನ್ನೋ ಹೆಸರು ಬಂದಿದ್ದು 1907ರಲ್ಲಿ. ತೂತಿರುವ ಪಟ್ಟಿ, ಗಾಲಿ, ಸರಳು, ನಟ್ಟು ಬೋಲ್ಟು. ಒಂದು ತೂತಿನಿಂದ ಇನ್ನೊಂದಕ್ಕೆ ಸರಿಯಾಗಿ ಅರ್ಧ ಇಂಚು. 1931ರಲ್ಲಿ ವಿಮಾನಕ್ಕೆಂದೇ ಬೇರೆ ಸೆಟ್ ತಂದರು. ರೆಕ್ಕೆ, ಬಾಲ, ಮೈಭಾಗ ಎಲ್ಲ ಒತ್ತಿ ಮಾಡಿದ ತಗಡು. ಮೊದಲು ಬಂದಿದ್ದು ಬೆಳ್ಳಿ ಬಣ್ಣದವು. ಕೆಂಪು ಕೆನೆ, ನೀಲಿ ಬಿಳಿ ಇವೆಲ್ಲ ಆಮೇಲೆ ಬಂದವು. ಎರಡನೇ ಮಹಾಯುದ್ಧ ಬಂದಾಗ ವಿಮಾನದ ಸೆಟ್ ನಿಂತುಹೋಯಿತು. ಯುದ್ಧ ಮುಗಿದ ಮೇಲೆ ಬೇರೆ ಸೆಟ್‌ಗಳು ಮತ್ತೆ ಬಂದರೂ ಇದು ಬರಲಿಲ್ಲ. ಅಂದರೆ ಇಡೀ ಲೋಕಕ್ಕೆ ಹತ್ತು ವರ್ಷದಷ್ಟು ಮಾಲು. ಅದಕ್ಕೇ ಇದಕ್ಕೆ ಇಷ್ಟು ಬೆಲೆ, ಅದಕ್ಕೇ ಇದರಲ್ಲಿ ಇಷ್ಟು ಮೋಸ.

ಆನ್‌ಲೈನಲ್ಲಿ ಜಾಹೀರಾತು ನೋಡಿದ್ದು ಜೂನ್ ಮೊದಲ ವಾರ. ನಾಲ್ಕು ಫೋಟೋ. ನೀಲಿ ಚೌಕುಳಿ ಟೇಬಲ್ ಬಟ್ಟೆ, ಅದರ ಒಂದು ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆಯ ಮೂತಿಯ ಆಕಾರಕ್ಕೇ ಸುಟ್ಟ ಕಂದು ಗುರುತು, ಮಧ್ಯ ಡಬ್ಬಿ. ದಿನಕ್ಕೆ ಹತ್ತು ಸಲ ಆ ಫೋಟೋ ತೆಗೆದು ನೋಡುತ್ತಿದ್ದೆ. ಫೋನ್ ಮಾಡಿದರೆ ಬಹಳ ಮರ್ಯಾದೆಯ ಮಾತು. "ನಮ್ಮ ತಾತ ದೊರೆ ಬಂಗಲೇಲಿ ಬಟ್ಲರ್ ಆಗಿದ್ರು ಸಾರ್. ದೊರೆ ಊರಿಗೆ ಹೋಗುವಾಗ ಕೊಟ್ಟು ಹೋಗಿದ್ದು. ನಾವು ಮುಟ್ಟೇ ಇಲ್ಲ" ಅಂದ. ನಾನು ಹುಚ್ಚನ ಹಾಗೆ ನಮ್ಮಜ್ಜನ ವಿಷಯ, ಮೂಡಿಗೆರೆ ವಿಷಯ ಎಲ್ಲ ಅವನ ಮುಂದೆ ಹೇಳಿಬಿಟ್ಟೆ. ಮಾರನೇ ದಿನ ಅವನೇ ಫೋನ್ ಮಾಡಿ, ಆ ಬಂಗಲೆಯೂ ಮೂಡಿಗೆರೆ ಕಡೆಯದ್ದೇ ಅಂದ. ಹಿಂದಿನ ದಿನ ಅವನು ಊರು ಹೇಳಿರಲಿಲ್ಲ. ಇದು ನನಗೆ ಹೊಳೆದಿದ್ದು ಎಲ್ಲ ಮುಗಿದ ಮೇಲೆ. ದಯವಿಟ್ಟು ನಿಮ್ಮ ಮನೆಯ ನೆನಪನ್ನು ಮಾರುವವನಿಗೆ ಹೇಳಬೇಡಿ. ಅದನ್ನೇ ತಿರುಗಿಸಿ ನಿಮಗೆ ಮಾರುತ್ತಾನೆ.

42,000 ಹೇಳಿದ್ದನ್ನು 34,000ಕ್ಕೆ ಒಪ್ಪಿದ. ಬೇರೆಯವರು ಕೇಳುತ್ತಿದ್ದಾರೆ ಅಂತ 5,000 ಮುಂಗಡ ಫೋನ್‌ನಲ್ಲೇ ಹಾಕಿಸಿಕೊಂಡ. ಮನೆಗೇ ಬಂದು ನೋಡುತ್ತೇನೆ ಅಂದೆ. "ಮನೇಲಿ ಸೂತಕ ಸಾರ್, ಬರಬೇಡಿ" ಅಂದ. ಸೂತಕ ಅಂದಮೇಲೆ ಯಾರು ತಾನೇ ಮಾತಾಡುತ್ತಾರೆ? ಪಾಪ ಅಂತ ಸುಮ್ಮನಾದೆ. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲಿನಲ್ಲಿ ಸಿಗೋದು ಅಂತ ಆಯಿತು.

ಬೇಲೂರು ದಾಟುವಾಗಲೇ ಮಳೆ ಜೋರಾಗಿತ್ತು. ಚಿಕ್ಕಮಗಳೂರಿನಲ್ಲಿ ಇಳಿದರೆ ಸಂಜೆ ನಾಲ್ಕಕ್ಕೇ ಕತ್ತಲೆ, ಕರೆಂಟ್ ಬೇರೆ ಇಲ್ಲ. ಅವನು ಮೂಲೆಯ ಟೇಬಲ್ ಹಿಡಿದು ಕೂತಿದ್ದ. ಮುಚ್ಚಳ ತೆಗೆದ. ಮೇಲಿನ ರಟ್ಟಿಗೆ ದಾರದಲ್ಲಿ ಕಟ್ಟಿದ್ದ ಎರಡು ರೆಕ್ಕೆ, ಒಂದು ಪ್ರೊಪೆಲ್ಲರ್. ಕೈಗೆ ತಗೊಂಡೆ. ನಿಜವಾದ ಹಳೇ ಸಾಮಾನು. ಬಣ್ಣ ಮಾಸಿತ್ತು, ಅಂಚು ಸವೆದಿತ್ತು. ಕೆಳಗಿನ ಪದರ ತೆಗೆಯೋಕೆ ಹೋದೆ. "ದಾರ ಹಳೇದು ಸಾರ್, ಇಲ್ಲಿ ಬಿಚ್ಚಿದ್ರೆ ನಟ್ಟು ಎಲ್ಲ ಚೆಲ್ಲಾಪಿಲ್ಲಿ ಆಗುತ್ತೆ" ಅಂದ. ಕೀ ಕೊಡುವ ಮೋಟಾರ್ ತಿರುಗಿಸಿ ನೋಡಲಾ ಅಂದೆ. "ಸ್ಪ್ರಿಂಗ್ ಎಣ್ಣೆ ಕಂಡು ಎಷ್ಟು ವರ್ಷ ಆಯ್ತೋ, ಒಣಗಿದ್ದನ್ನ ತಿರುಗಿಸಿದ್ರೆ ಮುರಿಯುತ್ತೆ" ಅಂದ. ಎರಡೂ ಮಾತು ಕೇಳೋಕೆ ಸರಿಯಾಗೇ ಇದ್ದವು. ಉಳಿದ 29,000 ನಗದು ಕೊಟ್ಟೆ. ಫೋನ್‌ನಲ್ಲಿ ಹಾಕುತ್ತೇನೆ ಅಂದರೆ ಇವತ್ತಿನ ಲಿಮಿಟ್ ಮುಗಿದಿದೆ ಅಂದ. ಚೀಟಿ ಬರೆಸಿಕೊಳ್ಳಲಿಲ್ಲ. ಅರ್ಧ ಲೋಟ ಕಾಫಿ ಹಾಗೇ ಬಿಟ್ಟು ಅವನು ಎದ್ದು ಹೋದ.

ರಾತ್ರಿ ಒಂಬತ್ತಕ್ಕೆ ಮನೆ ಸೇರಿದೆ. ಅಪ್ಪ ಊಟ ಮಾಡದೆ ಕಾಯುತ್ತಿದ್ದರು. ಕನ್ನಡಕ ಒರೆಸಿಕೊಂಡು ರೆಕ್ಕೆಯನ್ನು ಎರಡೂ ಕೈಯಲ್ಲಿ ಹಿಡಿದರು, ಮಾತಾಡಲಿಲ್ಲ. ಆಮೇಲೆ ಕೆಳಗಿನ ಪದರ ಬಿಚ್ಚಿದರು. ಒಂದು ಬೋಲ್ಟನ್ನು ದೀಪಕ್ಕೆ ಹಿಡಿದು, "ಇದೇನೋ ಮಗಾ, ಸ್ಟಾರ್ ಸ್ಕ್ರೂ?" ಅಂದರು.

ನನಗೆ ಕೈಕಾಲು ತಣ್ಣಗಾಯಿತು. ಬೋಲ್ಟಿನ ತಲೆ ಮೇಲೆ ಒಂದೇ ಅಡ್ಡ ಗೀಟಿನ ಬದಲು ನಕ್ಷತ್ರದ ಗುರುತು. ಆ ತಲೆಯ ಸ್ಕ್ರೂಗೆ ಅಮೆರಿಕದ ಹೆನ್ರಿ ಫಿಲಿಪ್ಸ್ ಪೇಟೆಂಟ್ ಪಡೆದಿದ್ದೇ 1936ರಲ್ಲಿ. 1931ರ ಡಬ್ಬಿಯೊಳಗೆ ಅದು ಹೇಗೆ ಬಂತು? ಒಂದೆರಡು ಕಳೆದುಹೋಗಿ ಯಾರೋ ಹೊಸದು ಹಾಕಿರಬಹುದು ಅಂತ ನನಗೆ ನಾನೇ ಹೇಳಿಕೊಂಡೆ. ಎಣಿಸಿದೆ. ಕೆಳಗಿನ ಪದರದಲ್ಲಿ ಇದ್ದವೆಲ್ಲ ಅವೇ.

ಮಾರನೇ ದಿನ ಬಿ.ಎಂ. ರಸ್ತೆ ಕಡೆ ಲೇತ್ ಇಟ್ಟಿರುವ ಗೆಳೆಯನ ಹತ್ತಿರ ತಗೊಂಡು ಹೋದೆ. ಅವನು ತೋರಿಸಿದ್ದನ್ನು ನೀವು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಇದಕ್ಕೆ ಯಾವ ದೊಡ್ಡ ಸಾಮಾನೂ ಬೇಡ. ಹಳೇ ಮೆಕ್ಯಾನೋ ಬೋಲ್ಟು 5/32 ಇಂಚಿನ ವಿಟ್‌ವರ್ತ್ (ಹಳೇ ಇಂಗ್ಲಿಷ್ ಅಳತೆ) ಥ್ರೆಡ್. ಇಂಚಿಗೆ 32 ಸುತ್ತು, ಅಂದರೆ ಸುತ್ತಿಂದ ಸುತ್ತಿಗೆ 0.79 ಮಿಲಿಮೀಟರ್. ಈಗ ಅಂಗಡಿಯಲ್ಲಿ ಸಿಗೋ 4 ಮಿಲಿಮೀಟರ್ ಬೋಲ್ಟಿಗೆ ಅದು 0.7. ದಪ್ಪ ಮಾತ್ರ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ವರ್ನಿಯರ್ (ದಪ್ಪ ಅಳೆಯುವ ಸಾಧನ) ಇಟ್ಟು ಅಳೆದರೆ ಏನೂ ಗೊತ್ತಾಗಲ್ಲ, ಕಣ್ಣಿಗಂತೂ ಗೊತ್ತಾಗೋದೇ ಇಲ್ಲ. ಅವನು ಪ್ರೊಪೆಲ್ಲರ್ ಜೊತೆಗಿದ್ದ ಹಳೇ ಬೋಲ್ಟನ್ನೂ ಕೆಳಗಿನದೊಂದನ್ನೂ ಮಗ್ಗುಲಿಗೆ ಮಗ್ಗುಲು ಒತ್ತಿ ಬಾಗಿಲ ಬೆಳಕಿಗೆ ಹಿಡಿದ. ಒಂದೇ ಥ್ರೆಡ್ ಆಗಿದ್ದರೆ ಹಲ್ಲಿಗೆ ಹಲ್ಲು ಕೂತು ಬೆಳಕು ಕಾಣಲ್ಲ. ಇಲ್ಲಿ ಮೊದಲ ಎರಡು ಹಲ್ಲು ಕೂತವು, ಆಮೇಲೆ ಸಂದಿನಲ್ಲಿ ಬೆಳಕು. ಹಳೇ ನಟ್ಟಿಗೆ ಹೊಸ ಬೋಲ್ಟ್ ತಿರುಗಿಸಿದ. ಎರಡು ಸುತ್ತು ಹೋಗಿ ಕಚ್ಚಿಕೊಂಡಿತು. ಬಲವಂತವಾಗಿ ತಿರುಗಿಸಿದರೆ ಹಳೇ ನಟ್ಟಿನ ಥ್ರೆಡ್ ಹಾಳಾಗುತ್ತೆ, ಅದನ್ನು ಮಾಡಬೇಡಿ.

ಆಮೇಲೆ ತಗಡು. ಹಳೆಯವು ಪ್ರೆಸ್‌ನಲ್ಲಿ ಗುದ್ದಿ ತೂತು ಹಾಕಿದವು. ಬೆರಳು ಆಡಿಸಿದರೆ ತೂತಿನ ಅಂಚು ಒಂದು ಕಡೆ ನಯ, ಇನ್ನೊಂದು ಕಡೆ ಸಣ್ಣಗೆ ತರಚಿದ ಹಾಗೆ. ನನ್ನ ಡಬ್ಬಿಯ ಏಳು ಪಟ್ಟಿಗಳಲ್ಲಿ ಎರಡೂ ಕಡೆ ಒಂದೇ ಥರ ಚೂಪು. ಭೂತಕನ್ನಡಿ ಇಟ್ಟರೆ ತೂತಿನ ಒಳಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಕೂದಲೆಳೆಯಷ್ಟು ಸಣ್ಣ ಗೀರುಗಳು. "ಲೇಸರ್ ಕಟಿಂಗ್, ಹೊಸಾ ಮಾಲು" ಅಂದ ಗೆಳೆಯ. ಇನ್ನು ಕೆಲವನ್ನು ಉಗುರಿನಿಂದ ಕೆರೆದರೆ ಬೆಳ್ಳಿ ಬಣ್ಣದ ಕೆಳಗೆ ಹಸಿರು, ಹಸಿರಿನ ಕೆಳಗೆ ತುಕ್ಕು. ಯಾವುದೋ ಬೇರೆ ಸೆಟ್ಟಿನ ಪಟ್ಟಿಗೆ ಸ್ಪ್ರೇ ಹೊಡೆದಿದ್ದ. ಮೋಟಾರಿನ ಸ್ಪ್ರಿಂಗ್ ಒಳಗೆ ಮೊದಲೇ ತುಂಡಾಗಿತ್ತು. ತಿರುಗಿಸಬೇಡಿ ಅಂದಿದ್ದು ಅದಕ್ಕೆ.

ನನಗೆ ಜಾಸ್ತಿ ಸಿಟ್ಟು ಬಂದಿದ್ದು ಸೂಚನೆಯ ಪುಸ್ತಕ ನೋಡಿ. ಹಳದಿ ಕಾಗದ, ಮಧ್ಯದ ಮಡಿಕೆಯಲ್ಲಿ ಸ್ಟೇಪಲ್ ಪಿನ್ನಿನ ತುಕ್ಕಿನ ಕಲೆ. ಎಷ್ಟು ಹಳೇದು ಅಂತ ಖುಷಿಪಟ್ಟು ಬೆರಳಿಟ್ಟೆ. ಅಲ್ಲಿ ಪಿನ್ನೂ ಇಲ್ಲ, ಪಿನ್ ಹೊಡೆದ ತೂತೂ ಇಲ್ಲ. ತುಕ್ಕಿನ ಕಲೆ ಕೂಡ ಪ್ರಿಂಟು. ಯಾರದ್ದೋ ನಿಜವಾದ ಪುಸ್ತಕವನ್ನು ಕಲರ್ ಜೆರಾಕ್ಸ್ ಮಾಡಿ, ಕಾಗದಕ್ಕೆ ಚಹಾ ಡಿಕಾಕ್ಷನ್ ಬಳಿದಿದ್ದಾರೆ ಅಂತ ಕಾಣುತ್ತೆ. ಮೂಸಿದರೆ ಈಗಲೂ ಆ ವಾಸನೆ ಇದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೊಸದಾಗಿ ಮಾಡಿದ ಬಿಡಿಭಾಗ ತಪ್ಪಲ್ಲ. ಮೆಕ್ಯಾನೋ ಮಾಡುತ್ತಿದ್ದ ಲಿವರ್‌ಪೂಲಿನ ಬಿನ್ಸ್ ರೋಡ್ ಕಾರ್ಖಾನೆ ಮುಚ್ಚಿದ್ದು 1979ರಲ್ಲಿ. ಕಳೆದುಹೋದ ರೆಕ್ಕೆಗೆ ಹೊಸ ರೆಕ್ಕೆ ಮಾಡಿಸಿ ಹಾಕುವವರು ಇದ್ದಾರೆ, ಮಾಡುವವರೂ ಇದ್ದಾರೆ. ಹೊಸದು ಅಂತ ಹೇಳಿ ಹೊಸದರ ಬೆಲೆಗೆ ಕೊಟ್ಟರೆ ನಾನೇ ಸಂತೋಷವಾಗಿ ಕೊಳ್ಳುತ್ತೇನೆ. ನನ್ನ ಡಬ್ಬಿಯಲ್ಲಿ ಮೇಲೆ ಹಳೇದು ಕಟ್ಟಿ, ಕೆಳಗೆ ಹೊಸದು ತುಂಬಿ, ಎಲ್ಲಕ್ಕೂ 1931 ಅಂತ ದುಡ್ಡು ತಗೊಂಡಿದ್ದು ಮೋಸ. ಹಾಗೇ ಬೋಲ್ಟ್ ಒಂದು ಹೊಸದಾದ ಮಾತ್ರಕ್ಕೆ ಸೆಟ್ ಪೂರ್ತಿ ಸುಳ್ಳು ಅಂತಲೂ ಅಲ್ಲ. ಆದರೆ "ಯಾರೂ ಮುಟ್ಟೇ ಇಲ್ಲ" ಅನ್ನೋ ಮಾತು ಸುಳ್ಳು ಅಂತ ಅಲ್ಲೇ ಗೊತ್ತಾಗುತ್ತೆ. ಅಷ್ಟು ಗೊತ್ತಾದರೆ ಎದ್ದು ಬರೋಕೆ ಸಾಕು.

ಇನ್ನು ಯಾವತ್ತಾದರೂ ಕೊಂಡರೆ ಬೆಳಗ್ಗೆ ಹೋಗುತ್ತೇನೆ, ಬಿಸಿಲು ಬೀಳುವ ಜಾಗದಲ್ಲಿ ಕೂತು ಕೆಳಗಿನ ಪದರದಿಂದ ನೋಡುತ್ತೇನೆ. ಜೇಬಲ್ಲಿ ಒಂದು ಅಸಲಿ ಬೋಲ್ಟು, ಒಂದು ನಟ್ಟು, ಒಂದು ಭೂತಕನ್ನಡಿ ಇರುತ್ತೆ. ಬಿಚ್ಚೋಕೆ ಬಿಡದವನ ಹತ್ತಿರ ಕೊಳ್ಳಲ್ಲ. ಮುಂಗಡ ಕೊಡಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಇನ್ನೊಂದು: ಆ ಕಾಲದ ಬಣ್ಣದಲ್ಲಿ ಸೀಸ ಇರಬಹುದು, ಕೆರೆದ ಪುಡಿ ಅವರ ಕೈಗೆ, ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ.

ಮೋಸ ಅಂತ ಗೊತ್ತಾದ ದಿನವೇ ಅವನಿಗೆ ಫೋನ್ ಮಾಡಿದೆ. ಒಂದು ಸಲ ಎತ್ತಿದ, "ನೋಡ್ತೀನಿ ಸಾರ್" ಅಂದ, ಆಮೇಲೆ ಬ್ಲಾಕ್. ಠಾಣೆಯಲ್ಲಿ ಅರ್ಜಿ ಕೊಟ್ಟೆ, ಹಿಂಬರಹ ಕೊಟ್ಟರು. ಫೋನ್‌ನಲ್ಲಿ ಹಾಕಿದ 5,000ಕ್ಕೆ ದಾಖಲೆ ಇದೆ, 29,000 ನಗದಿಗೆ ಏನೂ ಇಲ್ಲ. ಆನ್‌ಲೈನಲ್ಲಿ ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾನು ನಾಚಿಕೆಯಿಂದ ಎಂಟು ದಿನ ಎಲ್ಲೂ ದೂರು ಕೊಡದೆ ಇದ್ದೆ. ಆ ಎಂಟು ದಿನದಲ್ಲಿ ದುಡ್ಡು ಆ ಖಾತೆಯಿಂದ ಎಲ್ಲಿಗೋ ಹೋಗಿತ್ತು.

ಅಪ್ಪ ಆ 11 ಹಳೇ ತುಂಡುಗಳನ್ನು ಬೇರೆ ಮಾಡಿ ಹಾರ್ಲಿಕ್ಸ್ ಬಾಟಲಿಯ ಪಕ್ಕ ಕಿಟಕಿಯ ಮೇಲೆ ಇಟ್ಟುಕೊಂಡಿದ್ದಾರೆ. ದುಡ್ಡಿನ ವಿಷಯ ಇವತ್ತಿನವರೆಗೆ ಒಂದು ಸಲವೂ ಎತ್ತಿಲ್ಲ.

ಈಗ ಇದನ್ನು ಬರೆಯೋಕೆ ಕಾರಣ ಹೇಳುತ್ತೇನೆ. ಮೊನ್ನೆ ಹೊಸ ಜಾಹೀರಾತು ನೋಡಿದೆ. ಈ ಸಲ ಕೀ ಕೊಡುವ ತಗಡಿನ ರೈಲು. ಬೇರೆ ಹೆಸರು, ಬೇರೆ ನಂಬರ್, ಸಕಲೇಶಪುರದ ಬಂಗಲೆ ಅಂತ ಬರೆದಿದ್ದಾರೆ. ಬೆಲೆ 28,000. ಫೋಟೋ ದೊಡ್ಡದು ಮಾಡಿ ನೋಡಿದೆ. ರೈಲಿನ ಕೆಳಗೆ ನೀಲಿ ಚೌಕುಳಿ ಟೇಬಲ್ ಬಟ್ಟೆ. ಎಡಗಡೆ ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆಯ ಮೂತಿಯ ಆಕಾರದ ಸುಟ್ಟ ಗುರುತು.