ಮುಸಿಯದ ಹೊಟ್ಟೆಗೆ ಹಣ್ಣೋ, ಸೊಪ್ಪೋ?

ಗಾಯಗೊಂಡ ಕಾಡುಪ್ರಾಣಿಗಳ ಆರೈಕೆ ಕೇಂದ್ರವೊಂದರಲ್ಲಿ ಮೇವು ಹಾಕುವುದು ನನ್ನ ಕೆಲಸ. ದೇವಸ್ಥಾನವೊಂದರ ಬಳಿ ಬನ್ನು, ಬಾಳೆಹಣ್ಣು ತಿಂದುಕೊಂಡಿದ್ದ ಹೆಣ್ಣು ಮುಸಿಯ ನಮ್ಮಲ್ಲಿಗೆ ಬಂತು. ಮುಸಿಯ ಅಂದರೆ ಲಂಗೂರ್ ಕೋತಿ. ಕಪ್ಪು ಮುಖ, ಉದ್ದ ಬಾಲ. ಬಾಲದ ಬುಡ ಮಾತ್ರ ಸದಾ ಒದ್ದೆ. ಬೆಳಿಗ್ಗೆ ಗೂಡು ತೊಳೆಯಲು ಹೋದರೆ ಅಂಬಲಿ ಚೆಲ್ಲಿದ ಹಾಗೆ ಭೇದಿ, ಮೂಗಿಗೆ ಹೊಡೆಯುವ ಹುಳಿ ವಾಸನೆ.

ಮೊದಲು ಹಣ್ಣನ್ನೇ ಮುಂದುವರಿಸಿದೆವು. ಬಾಳೆ, ಸೇಬು, ದ್ರಾಕ್ಷಿ, ಜೊತೆಗೆ ಬ್ರೆಡ್. ಹತ್ತು ನಿಮಿಷಕ್ಕೆ ತಟ್ಟೆ ಖಾಲಿ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಉಬ್ಬಿ, ಮೂಲೆಯಲ್ಲಿ ಮುದುಡಿ ಕೂರುತ್ತಿತ್ತು. ನೋಡೋಕೆ ಸಂಕಟವಾಗುತ್ತಿತ್ತು.

ಆಮೇಲೆ ಬೇಯಿಸಿದ ತರಕಾರಿ, ಕಡಲೆಕಾಳು. ಭೇದಿ ಸ್ವಲ್ಪ ಗಟ್ಟಿಯಾಯಿತು, ಅಷ್ಟೇ.

ಮೂರನೆಯದು ಸೊಪ್ಪು. ಆಲ, ಅತ್ತಿ, ಹಲಸಿನ ಎಲೆ, ಹುಣಸೆ ಚಿಗುರು, ಜೊತೆಗೆ ಹಸಿ ಹುರುಳಿಕಾಯಿ. ಮುಸಿಯದ ಹೊಟ್ಟೆ ನಮ್ಮ ಹಾಗಲ್ಲ. ಹಸುವಿನ ಹೊಟ್ಟೆಯ ಹಾಗೆ ಅದರಲ್ಲೂ ಭಾಗಗಳಿವೆ. ಎಲೆಯ ನಾರನ್ನು ಅಲ್ಲಿರುವ ಸೂಕ್ಷ್ಮಜೀವಿಗಳು ನಿಧಾನವಾಗಿ ಹುದುಗಿಸುತ್ತವೆ. ಅಲ್ಲಿಗೆ ಸಕ್ಕರೆ ಸುರಿದರೆ ಎಲ್ಲ ಬೇಗ ಹುಳಿಯಾಗುತ್ತದೆ, ಗ್ಯಾಸ್ ತುಂಬುತ್ತದೆ. ನಾರು ಕರಗಿಸುವ ಜೀವಿಗಳೇ ಸಾಯುತ್ತವೆ. ಹಾಗಾಗಿ ಒಂದೇ ದಿನಕ್ಕೆ ಮೇವು ಬದಲಿಸಬಾರದು. ನಾವು ಮೂರು ವಾರ ತೆಗೆದುಕೊಂಡೆವು. ದಿನಾ ಸ್ವಲ್ಪ ಹಣ್ಣು ಕಡಿಮೆ, ಸ್ವಲ್ಪ ಸೊಪ್ಪು ಜಾಸ್ತಿ.

ಸೊಪ್ಪಿನ ಕಷ್ಟವೂ ಹೇಳಬೇಕು. ದಿನಾ ಕೊಂಬೆ ಕಡಿದು ತರಬೇಕು. ಅರ್ಧ ನೆಲಕ್ಕೆ ಬಿದ್ದು ಹಾಳು. ಮೊದಲ ದಿನಗಳಲ್ಲಿ ಅದು ಎಲೆ ಮೂಸಿ ಬಿಸಾಡುತ್ತಿತ್ತು. ಹಟ ಅಂದ್ರೆ ಹಟ! ಕೊಂಬೆಯನ್ನು ತಟ್ಟೆಯಲ್ಲಿ ಇಡುವ ಬದಲು ಎತ್ತರಕ್ಕೆ ಕಟ್ಟಿದ ಮೇಲೆ ಚಿಗುರು ಆರಿಸಿ ಕೀಳತೊಡಗಿತು. ಈಗ ಬೆಳಿಗ್ಗೆಯಿಂದ ಸಂಜೆವರೆಗೆ ಬಿಟ್ಟು ಬಿಟ್ಟು ತಿನ್ನುತ್ತದೆ. ಹೊಟ್ಟೆ ಉಬ್ಬರ ನಿಂತಿದೆ. ನೆಲದ ಮೇಲೆ ಗಟ್ಟಿ ಹಿಕ್ಕೆ ಕಂಡ ದಿನ ನಾನು ಓಡಿ ಹೋಗಿ ಡಾಕ್ಟರನ್ನು ಕರೆತಂದು ತೋರಿಸಿದೆ.

ಪಕ್ಕದ ಗೂಡಿನ ಸಾಮಾನ್ಯ ಕೋತಿಗಳ ಮಾತು ಬೇರೆ. ಅವಕ್ಕೆ ಕೆನ್ನೆಯಲ್ಲಿ ಚೀಲ, ಹೊಟ್ಟೆ ನಮ್ಮಂತೆ ಸಾದಾ. ಹಣ್ಣು ತಡೆದುಕೊಳ್ಳುತ್ತವೆ. ಆದರೂ ಪೇಟೆಯ ಹಣ್ಣು ಕಾಡಿನ ಹಣ್ಣಲ್ಲ ಅಲ್ವಾ? ಅದರಲ್ಲಿ ಸಕ್ಕರೆ ಜಾಸ್ತಿ, ನಾರು ಕಡಿಮೆ. ಇಂಗ್ಲೆಂಡಿನ ಪೇಯ್ನ್‌ಟನ್ ಮೃಗಾಲಯದವರು ಇದೇ ಕಾರಣಕ್ಕೆ ಕೋತಿಗಳಿಗೆ ಬಾಳೆಹಣ್ಣು ಹಾಕುವುದನ್ನು ಬಿಟ್ಟ ಸುದ್ದಿ 2014ರಲ್ಲಿ ಬಂದಿತ್ತು. ನಾವೂ ಇವಕ್ಕೆ ಹಣ್ಣು ತಗ್ಗಿಸಿ ತರಕಾರಿ ಹೆಚ್ಚಿಸಿದ್ದೇವೆ.

ಮುಸಿಯಕ್ಕೆ ಬಾಳೆಹಣ್ಣು ಈಗ ಮಾತ್ರೆ ನುಂಗಿಸುವಾಗ ಮಾತ್ರ. ಅದೂ ಬೆರಳ ತುದಿಯಷ್ಟು.