ಎಂಜಿನ್ ಆರಿಸಿದ ಮೇಲೆ ಸಿಕ್ಕ ಬೆಳ್ಳಕ್ಕಿ

ಉಡುಪಿ ಬಳಿಯ ಕೋಡಿ ಬೆಂಗ್ರೆಯ ಹಿನ್ನೀರಿನಲ್ಲಿ ದೋಣಿ ಸುತ್ತಾಟ ನಡೆಸುವವರು ಹಲವರಿದ್ದಾರೆ. ಅವರಲ್ಲಿ ಒಬ್ಬರ ಬಳಿ ಈ ಜನವರಿಯಲ್ಲಿ ಎರಡು ಸಲ ಹೋದೆ. ಎರಡೂ ಸಲ ಬೆಳಿಗ್ಗೆ ಏಳಕ್ಕೆ, ಒಂದೂವರೆ ಗಂಟೆಗೆ 1,200 ರೂಪಾಯಿ. ಮೊದಲನೆಯದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಎರಡನೆಯದಕ್ಕೆ ಇನ್ನೂ ಐನೂರು ಕೇಳಿದ್ದರೂ ಕೊಡುತ್ತಿದ್ದೆ.

ಕಾಯ್ದಿರಿಸುವಾಗ ಹಕ್ಕಿಗಳ ಫೋಟೋ ತೆಗೆಯಲು ಬರುತ್ತಿದ್ದೇನೆ ಎಂದು ಬಿಡಿಸಿ ಹೇಳಿದ್ದೆ. "ಬನ್ನಿ ಮೇಡಂ, ಬೇಕಾದಷ್ಟಿವೆ" ಎಂದರು. ಉಬ್ಬರವೋ ಇಳಿತವೋ ಎಂಬ ಮಾತೇ ಇಲ್ಲ. ಹೋಗಿ ನೋಡಿದರೆ ಪೂರ್ತಿ ಉಬ್ಬರ. ಕೆಸರು ದಿಬ್ಬಗಳೆಲ್ಲ ಮುಳುಗಿ, ಬೆಳ್ಳಕ್ಕಿಗಳು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ತುದಿ ಹತ್ತಿ ಕುಳಿತಿದ್ದವು. ದೋಣಿಯ ಹುಡುಗ ಎಂಜಿನ್ ಆರಿಸದೆ ನೇರ ಅತ್ತಲೇ ಓಡಿಸಿದ. ನನ್ನ ಕಾರ್ಡಿನಲ್ಲಿ ಉಳಿದದ್ದು ಹಾರಿಹೋಗುವ ಹಕ್ಕಿಗಳ ಬೆನ್ನು ಮತ್ತು ಹಿಂದಕ್ಕೆ ಚಾಚಿದ ಕಾಲುಗಳು.

ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಎಂಟು ದಿನ ಬಿಟ್ಟರೆ ಅದೇ ಏಳು ಗಂಟೆಗೆ ಹೆಚ್ಚುಕಡಿಮೆ ಇಳಿತ. ಬ್ಯಾಂಕಿನಲ್ಲಿ ಬಡ್ಡಿ ಲೆಕ್ಕ ಹಾಕುತ್ತಲೇ ನಿವೃತ್ತಳಾದವಳು ನಾನು. ಈ ಲೆಕ್ಕ ಮೊದಲೇ ಹೊಳೆಯಬೇಕಿತ್ತು.

ಎರಡನೆಯ ಸಲ ಬಂದವರು ವಯಸ್ಸಾದವರು. ದಿಬ್ಬ ಐವತ್ತು ಮಾರು ದೂರವಿರುವಾಗಲೇ ಎಂಜಿನ್ ಆರಿಸಿ, ಬಿದಿರಿನ ಗಳ ಊರಿ ದೋಣಿಯನ್ನು ಓರೆಯಾಗಿ ಜಾರಿಸಿದರು. ನೇರ ಹೋದರೆ ಹೆದರುತ್ತವಂತೆ. ಪಕ್ಕದಲ್ಲಿ ಹಾದುಹೋಗುವವರ ಹಾಗೆ ಹೋಗಬೇಕಂತೆ. ಹಾಗೆಯೇ ಆಯಿತು. ಕರಿ ಕೊಕ್ಕು, ಕರಿ ಕಾಲು, ಪಾದ ಮಾತ್ರ ಅರಿಸಿನದಲ್ಲಿ ಅದ್ದಿ ತೆಗೆದಂತಿರುವ ಸಣ್ಣ ಬೆಳ್ಳಕ್ಕಿ ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಒಂದು ಕಾಲನ್ನು ಕೆಸರಿನಲ್ಲಿ ನಡುಗಿಸಿ, ಎದ್ದ ಸಿಗಡಿಯನ್ನು ಕುಕ್ಕುತ್ತಿತ್ತು. ಇಪ್ಪತ್ತು ನಿಮಿಷ ಅದೊಂದನ್ನೇ ನೋಡಿದೆ.

ಆಚೆ ಸೀಸದ ಬಣ್ಣದ್ದೊಂದು ನಿಂತಿತ್ತು. ಯಾವುದೋ ಬೇರೆ ಕೊಕ್ಕರೆ ಎಂದು ನಾನು ಕ್ಯಾಮೆರಾ ತಿರುಗಿಸಿರಲಿಲ್ಲ. "ಅಕ್ಕಾ, ಅದೂ ಕೊರ್ಂಗೇ. ಕಡಲ ಬದಿಯದ್ದು. ಅದರಲ್ಲಿ ಬಿಳಿಯೂ ಉಂಟು, ಕಪ್ಪೂ ಉಂಟು" ಎಂದರು. ಕೊರ್ಂಗು ಎಂದರೆ ತುಳುವಿನಲ್ಲಿ ಬೆಳ್ಳಕ್ಕಿ. ಮನೆಗೆ ಬಂದು ಚಿತ್ರ ಹಿಗ್ಗಿಸಿದರೆ ಬಿಳಿ ಗಂಟಲು: ವೆಸ್ಟರ್ನ್ ರೀಫ್ ಈಗ್ರೆಟ್. ಇದರ ಬಿಳಿ ರೂಪಕ್ಕೆ ಇಷ್ಟು ವರ್ಷ ಸಣ್ಣ ಬೆಳ್ಳಕ್ಕಿ ಎಂದೇ ಹೆಸರು ಬರೆದು ಎಷ್ಟು ಫೋಟೋ ತುಂಬಿಟ್ಟಿದ್ದೇನೋ! ಕಂದು ಛಾಯೆಯ ದಪ್ಪ ಕೊಕ್ಕು ನೋಡಿಕೊಂಡು ಎಲ್ಲವನ್ನೂ ಮತ್ತೆ ವಿಂಗಡಿಸಬೇಕು.

ಹೋಗುವವರು ಒಂದು ವಿಷಯ ಗಮನಿಸಿ. ಹಿಂದೆ ಕಾಂಡ್ಲಾದ ಕಡು ಹಸಿರಿದ್ದರೆ ಕ್ಯಾಮೆರಾ ತಾನಾಗಿಯೇ ಚಿತ್ರವನ್ನು ಬೆಳಗಿಸಿ, ಗರಿಗಳನ್ನೆಲ್ಲ ಸುಣ್ಣ ಬಳಿದ ಗೋಡೆ ಮಾಡಿಬಿಡುತ್ತದೆ. ನಾನು ಎಕ್ಸ್‌ಪೋಷರ್ ಒಂದು ಸ್ಟಾಪ್ (ಅಂದರೆ ಬೆಳಕನ್ನು ಅರ್ಧಕ್ಕೆ) ಇಳಿಸಿ, ಶಟರ್ ವೇಗ 1/2000 ಸೆಕೆಂಡ್ ಇಟ್ಟುಕೊಂಡಿದ್ದೆ. ಗರಿಯ ಎಳೆಗಳು ಉಳಿದವು.

ದೋಣಿ ಫೈಬರಿನದು, ಗಟ್ಟಿಯಾಗಿದೆ. ಪ್ರವಾಸಿಗರಿಗೆಂದು ಹಾಕಿರುವ ಪ್ಲಾಸ್ಟಿಕ್ ಕುರ್ಚಿಗಳು ಮಿಸುಕಿದರೆ ಕಿರುಗುಟ್ಟುತ್ತವೆ, ಎತ್ತರವೂ ಹೆಚ್ಚು. ತೆಗೆಸಿ, ಹಲಗೆಯ ಮೇಲೆ ಮೊಣಕಾಲೂರಿ ಕುಳಿತರೆ ಹಕ್ಕಿಯ ಕಣ್ಣಿನ ಮಟ್ಟ ಸಿಗುತ್ತದೆ. ಲೈಫ್ ಜಾಕೆಟ್ ಗಲ್ಲಕ್ಕೆ ಒತ್ತುತ್ತದೆ. ಬಿಚ್ಚುತ್ತೇನೆ ಎಂದರೆ ಬಿಡಲಿಲ್ಲ, ಅದು ಸರಿಯೇ. ಶೌಚಾಲಯ ಮಾತ್ರ ಹತ್ತಿರದಲ್ಲಿಲ್ಲ.

ಕಾಯ್ದಿರಿಸುವಾಗ ಇಳಿತದ ಹೊತ್ತು ಕೇಳಿ, ಗಳ ಇರುವ ದೋಣಿಯೇ ಬೇಕೆನ್ನಿ. ಫೋನ್ ಎತ್ತಿದವರಿಗೆ ಅರ್ಥವಾಗದಿದ್ದರೆ ದೋಣಿ ಕಟ್ಟುವಲ್ಲಿಗೇ ಹೋಗಿ. ಆ ಹಿರಿಯರು ಆರೂವರೆಗೆಲ್ಲ ಅಲ್ಲಿ ಬಲೆ ಸರಿಪಡಿಸುತ್ತಾ ಕುಳಿತಿರುತ್ತಾರೆ.