ಡಯಲ್ ಗೇಜಿಗೆ ಸೈಕಲ್ ಕಡ್ಡಿ ಬೆಸೆದು ಅಳೆಯುವವರಿಗೆ ಇಂಜಿನ್ ಕೊಡಬೇಡಿ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಡೀಸೆಲ್ ಇಂಜಿನ್ ಬಿಚ್ಚಿಸಲು ಹೊರಟವರು ದಯವಿಟ್ಟು ಇದನ್ನು ಓದಿ. ಕ್ರ್ಯಾಂಕ್ (ಪಿಸ್ಟನ್ ಓಟವನ್ನು ತಿರುಗಾಟವಾಗಿಸುವ ದಂಡ) ನೋಡುವ ಲಿವರ್ ಡಯಲ್‌ಗೆ, ಅಂದರೆ ಸಣ್ಣ ಸರಿದಾಟವನ್ನೂ ಮುಳ್ಳಿನಲ್ಲಿ ತೋರಿಸುವ ಗೇಜಿಗೆ, ವರ್ಕ್‌ಶಾಪಿನವರೇ ಮಾಡಿಕೊಂಡ ಉದ್ದದ ಪಾಯಿಂಟ್ (ಮುಟ್ಟುವ ಕಡ್ಡಿ) ಇದ್ದರೆ ಆ ಅಳತೆಯನ್ನು ನಂಬಬೇಡಿ. ನನ್ನ ಪಿಕಪ್‌ನ ಇಂಜಿನ್ ಹಾಳಾದದ್ದು ಹಾಗೆ.

ಕ್ರ್ಯಾಂಕ್ ಬಾಗಿದೆಯೇ ಎಂದು ನೋಡುವ ಕ್ರಮ ಹೀಗೆ: ಎರಡು ತುದಿಯ ಮೇನ್ ಬೇರಿಂಗ್ ಮೇಲೆ ಅದನ್ನು ಕೂರಿಸಿ, ನಡುವಿನ ಜರ್ನಲ್‌ಗೆ (ಬೇರಿಂಗಿನಲ್ಲಿ ಕೂರುವ ದುಂಡನೆಯ ಭಾಗ) ಡಯಲ್ ಮುಟ್ಟಿಸಿ, ಕೈಯಲ್ಲೇ ಒಂದು ಸುತ್ತು ತಿರುಗಿಸುತ್ತಾರೆ. ಮುಳ್ಳು ಎಷ್ಟು ಆಡಿತೋ ಅಷ್ಟು ರನ್‌ಔಟ್, ಅಂದರೆ ಓಲಾಟ. ಕೌಂಟರ್‌ವೇಟ್ (ಕ್ರ್ಯಾಂಕಿನ ತೂಕದ ಭಾಗ) ಅಡ್ಡ ಬಂದು ಗಿಡ್ಡ ಪಾಯಿಂಟ್ ಎಟುಕುವುದಿಲ್ಲವೆಂದು ನಾನು ಇಂಜಿನ್ ಕೊಟ್ಟ ವರ್ಕ್‌ಶಾಪಿನಲ್ಲಿ ಸೈಕಲ್ ಸ್ಪೋಕ್ ತುಂಡರಿಸಿ, ತುದಿಗೆ ಸಣ್ಣ ಬೇರಿಂಗ್ ಗುಂಡು ಬೆಸೆದು ಇಟ್ಟುಕೊಂಡಿದ್ದರು. ನೋಡಲು ಅಚ್ಚುಕಟ್ಟಾಗಿಯೇ ಇತ್ತು. "ಅಣ್ಣ, ನಾಲ್ಕೇ ಪಾಯಿಂಟ್, ಲಿಮಿಟ್ ಒಳಗೇ ಉಂಟು. ಗ್ರೈಂಡಿಂಗ್ ಬೇಡ" ಎಂದರು. ಅಂದರೆ ಡಯಲ್ ಮೇಲೆ ನಾಲ್ಕು ಗೀಟು, 0.04 ಮಿ.ಮೀ. ಆ ಇಂಜಿನ್‌ಗೆ ಮಿತಿ 0.05. ಜರ್ನಲ್ ಪಾಲಿಶ್ ಮಾಡಿ, ಹೊಸ ಸ್ಟ್ಯಾಂಡರ್ಡ್ ಬೇರಿಂಗ್ ಹಾಕಿ ಕಟ್ಟಿಕೊಟ್ಟರು.

ಅಡಕೆ ಹೇರಿಕೊಂಡು ಪೆರ್ಲ, ಅಡ್ಯನಡ್ಕ, ವಿಟ್ಲ ದಾರಿಯಾಗಿ ಪುತ್ತೂರಿಗೆ ಹೋಗುವಾಗ ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಲೈಟ್ ಮಿಣುಕತೊಡಗಿತು. ಆಮೇಲೆ ಕೆಳಗಿನಿಂದ ದಪ್ಪ ಬಡಿತ. ಪುತ್ತೂರಿನಲ್ಲೇ ಸಂಪ್ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಬಿಚ್ಚಿಸಿದೆ. ನಡುವಿನ ಮೇನ್ ಬೇರಿಂಗ್‌ನ ಮೇಲ್ಪದರ ಉಜ್ಜಿಹೋಗಿ ತಾಮ್ರ ಕಾಣುತ್ತಿತ್ತು. ಗ್ರೈಂಡಿಂಗ್ ಶಾಪಿನವರು ಕ್ರ್ಯಾಂಕನ್ನು ವಿ-ಬ್ಲಾಕ್ (ವಿ ಆಕಾರದ ಗಾಡಿಯಿರುವ ಆಧಾರ) ಮೇಲಿಟ್ಟು ನೋಡಿದರೆ 0.09ರ ಹತ್ತಿರ.

ನಾನು ಮೊದಲಿನ ವರ್ಕ್‌ಶಾಪಿಗೆ ಹೋಗಿ ಆ ಡಯಲನ್ನೇ ತರಿಸಿದೆ. ಸಮತಟ್ಟಾದ ಉಕ್ಕಿನ ಹಲಗೆಗೆ ಪಾಯಿಂಟ್ ಮುಟ್ಟಿಸಿ ಸೊನ್ನೆ ಮಾಡಿ, ಗುಂಡಿನ ಅಡಿಗೆ 0.10 ಮಿ.ಮೀ. ದಪ್ಪದ ಫೀಲರ್ ಎಲೆ (ಅಳತೆಗೆಂದೇ ಮಾಡಿದ ತೆಳು ಉಕ್ಕಿನ ಹಾಳೆ) ತೂರಿಸಿದೆವು. ಹತ್ತು ಗೀಟು ಓಡಬೇಕಾದ ಮುಳ್ಳು ಐದನೇ ಗೀಟಿನ ಈಚೆಗೇ ನಿಂತಿತು. ಮೂಲ ಪಾಯಿಂಟ್ 20 ಮಿ.ಮೀ., ಇವರು ಮಾಡಿದ್ದು 42.

ಕಾರಣ ಸರಳ. ಲಿವರ್ ಡಯಲ್‌ನ ಪಾಯಿಂಟ್ ಒಂದು ಕೀಲಿನ ಸುತ್ತ ತಿರುಗುತ್ತದೆ. ಮುಳ್ಳು ಲೆಕ್ಕ ಹಾಕುವುದು ಆ ತಿರುಗುವ ಕೋನವನ್ನು. ತೋಳು ದುಪ್ಪಟ್ಟು ಉದ್ದವಾದರೆ ಅಷ್ಟೇ ಸರಿದಾಟಕ್ಕೆ ಅರ್ಧ ಕೋನ, ಡಯಲ್ ಮೇಲೆ ಅರ್ಧ ಅಳತೆ. ಮುಳ್ಳು ನುಣ್ಣಗೆ ಹೋಗಿ ಬರುವುದರಿಂದ ಯಾರಿಗೂ ಸಂಶಯ ಬಾರದು, ನನಗೆ ಹೆದರಿಕೆಯಾಗುವುದು ಅದಕ್ಕೇ. ಸಾಲದ್ದಕ್ಕೆ ತೆಳ್ಳಗಿನ ಕಡ್ಡಿ ಉದ್ದವಾದಷ್ಟೂ ಬಾಗುತ್ತದೆ: ಅದೇ ಒತ್ತಡಕ್ಕೆ ಉದ್ದ ಎರಡು ಪಟ್ಟಾದರೆ ಬಾಗು ಎಂಟು ಪಟ್ಟು. ಕಂಪನಿಯವರೇ ಉದ್ದದ ಪಾಯಿಂಟ್ ಕೊಡುವುದುಂಟು, ಆದರೆ ಅದಕ್ಕೆ ತಕ್ಕ ಡಯಲ್ ಅಥವಾ ಗುಣಿಸಬೇಕಾದ ಲೆಕ್ಕ ಜೊತೆಗಿರುತ್ತದೆ.

ಎಲ್ಲ ಉದ್ದದ ಕಡ್ಡಿಯೂ ಹೀಗಲ್ಲ ಎಂಬುದನ್ನೂ ಹೇಳಬೇಕು. ನೇರ ಒಳಹೊರಗೆ ಸರಿಯುವ ಪ್ಲಂಜರ್ ಡಯಲ್‌ಗೆ ಅದೇ ಗೆರೆಯಲ್ಲಿ ಉದ್ದ ಸೇರಿಸಿದರೆ ಲೆಕ್ಕ ಬದಲಾಗುವುದಿಲ್ಲ; ತಿರುಪು ಸಡಿಲವಿರಬಾರದು, ಓರೆಯಾಗಬಾರದು, ಅಷ್ಟೆ. ಸಿಲಿಂಡರಿನ ಒಳ ಅಗಲ ಅಳೆಯುವ ಬೋರ್ ಗೇಜಿನ ಕಡ್ಡಿ ಬದಲಿಸಿದರೆ ಮೈಕ್ರೋಮೀಟರ್‌ನಲ್ಲಿ ಹೊಸದಾಗಿ ಸೊನ್ನೆ ಮಾಡಲೇಬೇಕು. ಕೆಲವರು ಅದನ್ನೂ ಬಿಡುತ್ತಾರೆ.

ತೋಳುದ್ದದ ಇಂಥದೇ ತಪ್ಪು ಇನ್ನೊಂದುಂಟು: ಬೋಲ್ಟನ್ನು ಗೊತ್ತಾದಷ್ಟೇ ಬಿಗಿಯುವ ಟಾರ್ಕ್ ರೆಂಚಿನ ತಲೆಗೆ ಪಟ್ಟಿ ಬೆಸೆದು ಮುಂದಕ್ಕೆ ಉದ್ದ ಮಾಡುವುದನ್ನೂ ನೋಡಿದ್ದೇನೆ. 450 ಮಿ.ಮೀ. ರೆಂಚಿಗೆ ಅದೇ ಗೆರೆಯಲ್ಲಿ 50 ಮಿ.ಮೀ. ಸೇರಿಸಿ 90 ನ್ಯೂಟನ್ ಮೀಟರ್‌ಗೆ ಇಟ್ಟು ಬಿಗಿದರೆ ಬೋಲ್ಟಿಗೆ ಬೀಳುವುದು 100. ಹೆಡ್ ಬೋಲ್ಟ್ ಅದನ್ನು ತಡೆಯುತ್ತದೆಂಬ ಭರವಸೆಯಿಲ್ಲ.

ನನ್ನ ಖರ್ಚು ಹಿಂದಕ್ಕೆ ಬರಲಿಲ್ಲ. "ಇಷ್ಟು ವರ್ಷ ಇದರಲ್ಲೇ ನೋಡಿದ್ದು" ಎಂದರು. ಅಷ್ಟು ವರ್ಷ ಅದರಲ್ಲಿ ಪಾಸಾದ ಕ್ರ್ಯಾಂಕುಗಳನ್ನು ನೆನೆದರೆ ಸಂಕಟವಾಗುತ್ತದೆ. ಆದ್ದರಿಂದ ಅಳೆಯುವಾಗ ನೀವು ಎದುರೇ ಇರಿ, ಫೀಲರ್ ಎಲೆ ಇಟ್ಟು ತೋರಿಸಿ ಎಂದು ಕೇಳಿ. ಒಪ್ಪದಿದ್ದರೆ ಕ್ರ್ಯಾಂಕನ್ನು ಕಟ್ಟಿಕೊಂಡು ವಿ-ಬ್ಲಾಕ್ ಇರುವ ಗ್ರೈಂಡಿಂಗ್ ಶಾಪಿಗೆ ಹೋಗಿ.